ಡೆಸ್ಕ್‌ಟಾಪ್ ಕಂಪ್ಯೂಟರಿನ ಒಳಭಾಗಗಳನ್ನು ಬಿಚ್ಚುವುದು, ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಮನೆಗಳಲ್ಲಿ, ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವಾಗ ಪಕ್ಕದಲ್ಲಿ ನಿಂತವರು ಕೇಳಿದವು. ಕೆಲವು ಆಮೇಲೆ ಪತ್ರದಲ್ಲಿ ಬಂದವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಹಗುರವಾದ ಕೆಲಸದಿಂದ ಕಷ್ಟದ ಕೆಲಸದ ಕಡೆಗೆ ಅವು ಸಾಗುತ್ತವೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಬಹುದು, ಆದರೆ ಮೊದಲ ಭಾಗದಲ್ಲಿ ವಿದ್ಯುತ್ತಿಗೆ ಸಂಬಂಧಿಸಿದ ಮೂರು ಉತ್ತರಗಳನ್ನು ಯಾವ ಕೆಲಸಕ್ಕೆ ಹೊರಟವರೂ ಓದಿಯೇ ಮುಂದುವರಿಯಬೇಕೆಂದು ಕೇಳಿಕೊಳ್ಳುತ್ತೇನೆ.

## ಕ್ಯಾಬಿನೆಟ್ ತೆರೆಯುವ ಮೊದಲು

ನಾನು ಇಂಜಿನಿಯರ್ ಅಲ್ಲ. ಸಿಪಿಯು ಬಿಚ್ಚೋದು ನನ್ನಂಥವರ ಕೈಯಲ್ಲಿ ಆಗುತ್ತಾ?

ಆಗುತ್ತದೆ. ನಮ್ಮಲ್ಲಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುವ ರೂಢಿಯಿದೆ. ಅಂಗಡಿಯಲ್ಲಿ ಬಿಡಿಭಾಗ ಕೇಳುವಾಗ ಇದರಿಂದ ಗೊಂದಲವಾಗುವುದರಿಂದ, ಇಲ್ಲಿ ಪೆಟ್ಟಿಗೆಯನ್ನು ಕ್ಯಾಬಿನೆಟ್ ಎಂದೂ ಅದರೊಳಗೆ ಲೆಕ್ಕ ಮಾಡುವ ಚಿಪ್ಪನ್ನು ಪ್ರೊಸೆಸರ್ ಎಂದೂ ಕರೆಯುತ್ತೇನೆ.

ಡೆಸ್ಕ್‌ಟಾಪ್ ಎಂಬುದು ಬಿಚ್ಚಿ ಜೋಡಿಸಲೆಂದೇ ರೂಪಿಸಿದ ಯಂತ್ರ. 1995ರಲ್ಲಿ ಪ್ರೊಸೆಸರ್ ತಯಾರಕ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನದಂಡವು ಎಲ್ಲ ಭಾಗಗಳು ಕೂರುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಅಳತೆ, ಸ್ಕ್ರೂ ತೂತುಗಳ ಜಾಗ ಮತ್ತು ವಿದ್ಯುತ್ ಕನೆಕ್ಟರುಗಳ ಆಕಾರವನ್ನು ಗೊತ್ತುಪಡಿಸಿದ್ದರಿಂದ, ಒಬ್ಬರು ತಯಾರಿಸಿದ ಬೋರ್ಡು ಮತ್ತೊಬ್ಬರ ಕ್ಯಾಬಿನೆಟ್ಟಿನಲ್ಲಿ ಇಂದಿಗೂ ಕೂರುತ್ತದೆ. ಬೆಸುಗೆ ಹಾಕುವ ಕೆಲಸ ಎಲ್ಲೂ ಇಲ್ಲ. ಕಂಪನಿಗಳು ಜೋಡಿಸಿಯೇ ಮಾರುವ ಕೆಲವು ಡೆಲ್, ಎಚ್‌ಪಿ, ಲೆನೊವೊ ಮಾದರಿಗಳಲ್ಲಿ ಮಾತ್ರ ಬೋರ್ಡು ಮತ್ತು ವಿದ್ಯುತ್ ಕನೆಕ್ಟರುಗಳು ಅವುಗಳದೇ ಆದ ರೀತಿಯಲ್ಲಿರುತ್ತವೆ. ಅಂಥವಕ್ಕೆ ಭಾಗ ಕೊಳ್ಳುವ ಮೊದಲು ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ವಿಚಾರಿಸಬೇಕು.

ನನ್ನ ಕೈಗೆ ಬಂದ ಹಾಳಾದ ಬೋರ್ಡುಗಳಲ್ಲಿ ಕರೆಂಟಿನಿಂದ ಸುಟ್ಟವುಗಳಿಗಿಂತ ಅವಸರದಲ್ಲಿ ಒತ್ತಿ, ಎಳೆದು ಮುರಿದವೇ ಹೆಚ್ಚು. ಸರಿಯಾದ ಭಾಗ ಸರಿಯಾದ ದಿಕ್ಕಿನಲ್ಲಿದ್ದರೆ ಸಾಮಾನ್ಯವಾಗಿ ತಾನಾಗಿ ಕೂರುತ್ತದೆ. ಕೂರದಿದ್ದರೆ ಕೈ ನಿಲ್ಲಿಸಿ, ಬೆಳಕು ಬಿಟ್ಟು ನೋಡಬೇಕು. ನಿಜವಾಗಿಯೂ ಬಲ ಬೇಡುವ ಜಾಗಗಳು ನಾಲ್ಕೈದು ಮಾತ್ರ ಇವೆ. ಅವನ್ನು ಆಯಾ ಪ್ರಶ್ನೆಯಲ್ಲಿ ಹೇಳುತ್ತೇನೆ.

ಸ್ವಿಚ್ ಆಫ್ ಮಾಡಿದರೆ ಸಾಲದಾ? ಪ್ಲಗ್ ಕೂಡ ಕೀಳಲೇಬೇಕಾ?

ಕೀಳಲೇಬೇಕು. ವಿಂಡೋಸ್ ಮುಚ್ಚಿದ ಮೇಲೂ ಪ್ಲಗ್ ಚಾಲೂ ಇರುವವರೆಗೆ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಮದರ್‌ಬೋರ್ಡಿಗೆ 5 ವೋಲ್ಟಿನ ಒಂದು ಕಾಯ್ದಿರಿಸಿದ ಸರಬರಾಜನ್ನು ಕೊಡುತ್ತಲೇ ಇರುತ್ತದೆ. ಪವರ್ ಬಟನ್ ಒತ್ತಿದೊಡನೆ ಯಂತ್ರ ಎದ್ದೇಳುವುದು ಇದರಿಂದಲೇ. ಈ ಸ್ಥಿತಿಯಲ್ಲಿ ತಾತ್ಕಾಲಿಕ ನೆನಪಿನ ಕಡ್ಡಿಯಾದ ರ‍್ಯಾಮ್ ಕಿತ್ತರೆ ಅಥವಾ ಒಂದು ಸ್ಕ್ರೂ ಬೋರ್ಡಿನ ಮೇಲೆ ಬಿದ್ದರೆ ಬೋರ್ಡು ಹಾಳಾಗಬಹುದು. ಗೋಡೆಯ ಸ್ವಿಚ್ಚನ್ನೂ ನಂಬಲಾಗದು. ಅದು ಫೇಸ್ ತಂತಿಯೊಂದನ್ನೇ ಕಡಿಯುತ್ತದೆ, ವೈರಿಂಗ್ ಅದಲುಬದಲಾಗಿರುವ ಮನೆಯಲ್ಲಿ ಅದನ್ನೂ ಕಡಿಯುವುದಿಲ್ಲ.

ಯುಪಿಎಸ್ ಇರುವ ಕಡೆ ಇನ್ನೊಂದು ತಪ್ಪು ನಡೆಯುತ್ತದೆ. ಗೋಡೆಯ ಪ್ಲಗ್ ಕಿತ್ತರೂ ಯುಪಿಎಸ್ ತನ್ನ ಬ್ಯಾಟರಿಯಿಂದ ವಿದ್ಯುತ್ ಕೊಡುತ್ತಲೇ ಇರುವುದರಿಂದ, ಕ್ಯಾಬಿನೆಟ್ಟಿನ ಹಿಂದೆ ಎಸ್‌ಎಂಪಿಎಸ್‌ಗೆ ಸೇರುವ ದಪ್ಪ ಪವರ್ ಕೇಬಲನ್ನೇ ಹೊರಗೆಳೆಯಬೇಕು. ಆಮೇಲೆ ಮಾನಿಟರ್, ಪ್ರಿಂಟರ್, ನೆಟ್‌ವರ್ಕ್ ಕೇಬಲುಗಳನ್ನೂ ತೆಗೆದು, ಪವರ್ ಬಟನ್ನನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿಯಬೇಕು. ಕೆಪಾಸಿಟರುಗಳಲ್ಲಿ (ಚಾರ್ಜು ಹಿಡಿದಿಡುವ ಬಿಡಿಭಾಗಗಳು) ಉಳಿದ ಚಾರ್ಜು ಇಳಿಯುವಾಗ ಫ್ಯಾನು ಒಮ್ಮೆ ಅಲುಗಿ ನಿಲ್ಲುವುದುಂಟು. ಬೋರ್ಡಿನ ಮೇಲೆ ಸಣ್ಣ ದೀಪವಿದ್ದರೆ ಅದು ಪೂರ್ತಿ ಆರಿದ ಮೇಲೆಯೇ ಕೈ ಹಾಕಬೇಕು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಕಂಪ್ಯೂಟರ್ ಕೆಟ್ಟಿದೆಯಾ?

ಹೆಚ್ಚಿನ ಸಲ ಕೆಟ್ಟಿರುವುದು ಕಂಪ್ಯೂಟರ್ ಅಲ್ಲ, ಮನೆಯ ಅರ್ಥಿಂಗ್. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲೆಂದು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಚೌಕಟ್ಟಿಗೆ ಸಣ್ಣ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಅವುಗಳಿಂದ ಸೋರುವ ಅತ್ಯಲ್ಪ ಕರೆಂಟು ಅರ್ಥ್ ತಂತಿಯ ಮೂಲಕ ನೆಲಕ್ಕೆ ಹೋಗಬೇಕು. ಮೂರನೆಯ ಪಿನ್ನಿಗೆ ನಿಜವಾದ ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಲೋಹ 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಬರಿಗಾಲಲ್ಲಿ ನಿಂತು ಮುಟ್ಟಿದವರ ಮೂಲಕ ಆ ಸೋರಿಕೆ ನೆಲಕ್ಕಿಳಿಯುತ್ತದೆ.

ಆ ಜುಮ್ಮಿನಿಂದಲೇ ಪ್ರಾಣಾಪಾಯವಾಗುವುದು ಅಪರೂಪ. ಆದರೆ ಅದು ಕೊಡುವ ಎಚ್ಚರಿಕೆ ದೊಡ್ಡದು: ಮುಂದೆಂದಾದರೂ ಎಸ್‌ಎಂಪಿಎಸ್ ಒಳಗೆ ತಂತಿ ಕಡಿದು ಚೌಕಟ್ಟಿಗೆ ತಾಗಿದರೆ ಕ್ಯಾಬಿನೆಟ್ಟಿಗೆ ಪೂರ್ಣ 230 ವೋಲ್ಟು ಬರುತ್ತದೆ, ಅದನ್ನು ನೆಲಕ್ಕೆ ಒಯ್ದು ಫ್ಯೂಸ್ ಹಾರಿಸುವ ದಾರಿ ಆ ಮನೆಯಲ್ಲಿ ಇಲ್ಲ. ತೇಲುವ ಚೌಕಟ್ಟಿಗೆ ಮಾನಿಟರ್ ಕೇಬಲ್ ಚುಚ್ಚುವಾಗ ಪೋರ್ಟು ಸುಡುವುದೂ ಉಂಟು. ಮೂರನೆಯ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವುದನ್ನು ದಯವಿಟ್ಟು ಬಿಡಿ, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಅಳತೆ ಮಾಡಿಸಿ. ಕಂಪ್ಯೂಟರಿಗೆ ಸಾವಿರಾರು ರೂಪಾಯಿ ಹಾಕುವ ಮೊದಲು ಮಾಡಿಸಬೇಕಾದ ಖರ್ಚು ಇದು.

ಸ್ಟ್ಯಾಟಿಕ್ ಕರೆಂಟ್ ಅಂತ ಎಲ್ಲರೂ ಹೆದರಿಸ್ತಾರೆ. ಅಂಗಡಿಯವರು ಬರಿಗೈಲೇ ಮಾಡ್ತಾರಲ್ಲ?

ಎರಡೂ ನಿಜ. ನಡೆದಾಡುವಾಗ, ಬಟ್ಟೆ ಉಜ್ಜಿದಾಗ ಮೈಯಲ್ಲಿ ಸೇರುವ ಚಾರ್ಜು ಹಾರಿದ್ದು ನಮ್ಮ ಬೆರಳಿಗೆ ತಿಳಿಯಬೇಕಾದರೆ ಅದು ಸುಮಾರು 3000 ವೋಲ್ಟಿನಷ್ಟಾದರೂ ಇರಬೇಕು. ಚಿಪ್ಪುಗಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ವೋಲ್ಟೇಜಿನಲ್ಲೇ ಗಾಯವಾಗಬಲ್ಲದು. ಅಂದರೆ ನಮಗೆ ಏನೂ ಗೊತ್ತಾಗದೆಯೇ ಹಾನಿ ಆಗಿಹೋಗಬಹುದು. ಗಾಳಿಯಲ್ಲಿ ತೇವ ಇದ್ದಷ್ಟೂ ಚಾರ್ಜು ಬೇಗ ಸೋರಿಹೋಗುವುದರಿಂದ ಮಂಗಳೂರಿನ ಮಳೆಗಾಲದಲ್ಲಿ ಅಪಾಯ ಕಡಿಮೆ. ಒಣಹವೆಯ ಕಲಬುರಗಿ, ವಿಜಯಪುರಗಳಲ್ಲಿ, ಎಲ್ಲೆಡೆ ಚಳಿಗಾಲದಲ್ಲಿ, ಎಸಿ ಕೋಣೆಗಳಲ್ಲಿ ಹೆಚ್ಚು. ಅಂಗಡಿಯವರು ಕೆಲಸದುದ್ದಕ್ಕೂ ಕ್ಯಾಬಿನೆಟ್ಟಿನ ಲೋಹವನ್ನು ಅರಿವಿಲ್ಲದೆಯೇ ಮುಟ್ಟುತ್ತಿರುತ್ತಾರೆ, ಅದೇ ಅವರನ್ನು ಕಾಪಾಡುತ್ತಿರುತ್ತದೆ.

ನೀವು ಅದನ್ನು ಅರಿತು ಮಾಡಿ. ಪ್ಲಗ್ ಕಿತ್ತ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಪ್ರತಿ ಭಾಗ ಎತ್ತುವ ಮೊದಲೂ ಮುಟ್ಟಿದರೆ ನಿಮ್ಮ ಮೈ ಮತ್ತು ಚೌಕಟ್ಟು ಒಂದೇ ಮಟ್ಟಕ್ಕೆ ಬರುತ್ತವೆ; ನಿಜವಾಗಿ ಬೇಕಾದದ್ದು ಈ ಸಮಮಟ್ಟವೇ. ಸ್ಟ್ಯಾಟಿಕ್ ತಡೆಯುವ ಕೈಪಟ್ಟಿ ಇದ್ದರೆ ಅದರ ಕ್ಲಿಪ್ಪನ್ನು ಇಂಥದೇ ಜಾಗಕ್ಕೆ ಸಿಕ್ಕಿಸಬೇಕು. ಅದರ ತಂತಿಯಲ್ಲಿ 1 ಮೆಗಾಓಮ್ ತಡೆ ಇರುವುದು ಧರಿಸಿದವರ ರಕ್ಷಣೆಗಾಗಿ, ಆದ್ದರಿಂದ ಮಾಮೂಲಿ ತಂತಿ ಸುತ್ತಿಕೊಂಡು ಕೈಪಟ್ಟಿ ಮಾಡಿಕೊಳ್ಳಬಾರದು. ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್ ಬಟ್ಟೆಗಿಂತ ಹತ್ತಿ ಬಟ್ಟೆ ಒಳ್ಳೆಯದು. ರಬ್ಬರ್ ಚಪ್ಪಲಿ ನಿಮ್ಮನ್ನು ಶಾಕಿನಿಂದ ಕಾಯಬಹುದೇ ಹೊರತು ಚಿಪ್ಪನ್ನು ಕಾಯುವುದಿಲ್ಲ.

ಏನೇನು ಸಾಮಾನು ಇಟ್ಟುಕೊಳ್ಳಬೇಕು?

2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ಒಂದು, ಎಂ.2 ಡ್ರೈವಿಗೆ (ಬೋರ್ಡಿನ ಮೇಲೇ ಕೂರುವ ತೆಳುವಾದ ಶೇಖರಣಾ ಪಟ್ಟಿ) ಅದಕ್ಕಿಂತ ಸಣ್ಣದೊಂದು, ಸ್ಕ್ರೂ ಹಾಕಿಡಲು ಬಟ್ಟಲುಗಳು, ಒಳ್ಳೆಯ ಬೆಳಕು. ತುದಿಯಲ್ಲಿ ಅಯಸ್ಕಾಂತ ಇರುವ ಸ್ಕ್ರೂಡ್ರೈವರಿಗೆ ಹೆದರಬೇಕಿಲ್ಲ. ಬೀಳುವ ಸ್ಕ್ರೂಗಳು ಮಾಡುವ ಹಾನಿಯೇ ದೊಡ್ಡದು. ಎಲ್ಲಕ್ಕಿಂತ ಉಪಯುಕ್ತವಾದದ್ದು ನಿಮ್ಮ ಮೊಬೈಲಿನ ಕ್ಯಾಮೆರಾ: ಒಂದೊಂದು ಕೇಬಲ್ ತೆಗೆಯುವ ಮೊದಲೂ ಒಂದು ಫೋಟೋ ತೆಗೆದಿಟ್ಟರೆ ಜೋಡಿಸುವಾಗ ಊಹಿಸುವ ಪ್ರಮೇಯ ಬರುವುದಿಲ್ಲ.

ಭಾಗ ಬದಲಿಸಿದರೆ ನನ್ನ ಫೋಟೋ, ಫೈಲುಗಳೆಲ್ಲ ಹೋಗುತ್ತವಾ?

ರ‍್ಯಾಮ್, ಎಸ್‌ಎಂಪಿಎಸ್, ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಫೈಲುಗಳಿಗೆ ಏನೂ ಆಗುವುದಿಲ್ಲ. ಅವು ಇರುವುದು ಹಾರ್ಡ್ ಡಿಸ್ಕ್ ಅಥವಾ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಲ್ಲಿ. ಆದರೂ ಕೆಲಸಕ್ಕೆ ಮೊದಲು ಬೇರೊಂದು ಡ್ರೈವಿಗೆ ಪ್ರತಿ ತೆಗೆದಿಡಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಮದರ್‌ಬೋರ್ಡ್ ಬದಲಿಸಿದ ಮೇಲೆ, ಕೆಲವೊಮ್ಮೆ ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಬದಲಾವಣೆಯ ನಂತರವೂ, ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಇಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದೂ ಫೈಲುಗಳು ಕೈಗೆ ಸಿಗುವುದಿಲ್ಲ. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಡಿ.

## ಮೊದಲಿಗೆ ಕೈಹಾಕಬಹುದಾದ ಕೆಲಸಗಳು

ಒಳಗೆಲ್ಲ ಧೂಳು ತುಂಬಿದೆ. ಬ್ಲೋವರ್ ಹೊಡೆದರೆ ಆಯ್ತಲ್ಲ?

ಆಗುತ್ತದೆ, ಆದರೆ ಕ್ಯಾಬಿನೆಟ್ಟನ್ನು ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪ್ರತಿ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಂಡು ಗಾಳಿ ಬಿಡಬೇಕು. ಬಿಟ್ಟರೆ ಫ್ಯಾನು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಮೇಲಾಗಿ ತಿರುಗುವ ಫ್ಯಾನು ಡೈನಮೋದಂತೆ ಬೋರ್ಡಿನ ಕಡೆಗೆ ವೋಲ್ಟೇಜನ್ನು ಕಳಿಸಬಲ್ಲದು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಟ್ಯಾಟಿಕ್ ಚಾರ್ಜು ಸೇರುವುದರಿಂದ ಅದನ್ನು ಒಳಗೆ ಬಳಸಬೇಡಿ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ.

ನಮ್ಮಲ್ಲಿ ಎಷ್ಟೋ ಕಂಪ್ಯೂಟರುಗಳು ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ಮಾತ್ರ ತೆರೆದುಕೊಳ್ಳುತ್ತವೆ. ಆ ಪದ್ಧತಿ ಒಳ್ಳೆಯದೇ. ಪೂಜೆಯ ದಿನ ಮಾತ್ರ ಕುಂಕುಮ, ವಿಭೂತಿಯನ್ನು ಗಾಳಿಯ ಕಿಂಡಿಗಳಿಂದ ದೂರ ಹಚ್ಚಿ, ನೀರು ಪ್ರೋಕ್ಷಿಸುವ ಮೊದಲು ಪ್ಲಗ್ ಕೀಳಬೇಕೆಂದು ವಿನಂತಿ. ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ಟಿನ ಹಿಂಬದಿಯ ಖಾಲಿ ಸ್ಲಾಟುಗಳಿಂದ ಇರುವೆ, ಜಿರಲೆ, ಹಲ್ಲಿ ಒಳಗೆ ಸೇರಿ ಸಾಯುವುದುಂಟು. ಆ ಸ್ಲಾಟುಗಳಿಗೆ ತಗಡಿನ ಮುಚ್ಚಳ ಹಾಕಿ.

ಡಿಸ್‌ಪ್ಲೇ ಬರ್ತಿಲ್ಲ. ರ‍್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿ ಹಾಕು ಅಂತಾರೆ. ಮಾಡಲಾ?

ತೆಗೆದು ಹಾಕುವುದು ಸರಿ, ಉಜ್ಜುವುದು ಬೇಡ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ತೇವದಲ್ಲಿ ಸಂಪರ್ಕಬಿಂದುಗಳ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ, ಮತ್ತು ಎರಡು ಸಲ ತೆಗೆದು ಹಾಕುವ ತಿಕ್ಕಾಟದಲ್ಲೇ ಅದು ಹರಿದು ಯಂತ್ರ ಎದ್ದೇಳುತ್ತದೆ. ಇದರ ಯಶಸ್ಸೇ ರಬ್ಬರಿಗೆ ಸಲ್ಲುತ್ತಾ ಬಂದಿದೆ. ಪೆನ್ಸಿಲಿನ ರಬ್ಬರಿನಲ್ಲಿ ಉಜ್ಜುವ ಪುಡಿ ಇರುವುದರಿಂದ ಅದು ಕೊಳೆಯ ಜೊತೆಗೆ ಬಹು ತೆಳುವಾದ ಚಿನ್ನದ ಲೇಪವನ್ನೂ ಸವೆಸುತ್ತದೆ. ಒಮ್ಮೆ ಗೆದ್ದ ಉಪಾಯ ಪ್ರತಿ ವರ್ಷ ನಡೆದು, ಕೊನೆಗೆ ತಾಮ್ರ ಕಾಣಿಸಿಕೊಂಡು ತೊಂದರೆ ಶಾಶ್ವತವಾಗುತ್ತದೆ. ಔಷಧದಂಗಡಿಯಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಎಳೆ ಬಿಡದ ಬಟ್ಟೆಗೆ ಸೋಕಿಸಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ.

ರ‍್ಯಾಮ್ ಹೆಚ್ಚಿಸಬೇಕು. ಯಾವುದು ಕೊಳ್ಳಲಿ, ಯಾವ ಸ್ಲಾಟಿಗೆ ಹಾಕಲಿ?

ಮೊದಲು ನಿಮ್ಮ ಬೋರ್ಡು ಯಾವ ತಲೆಮಾರಿನದೆಂದು ತಿಳಿಯಬೇಕು. ಡಿಡಿಆರ್3 ಕಡ್ಡಿಯಲ್ಲಿ 240 ಪಿನ್ನುಗಳಿದ್ದು 1.5 ವೋಲ್ಟಿನಲ್ಲಿ ನಡೆಯುತ್ತದೆ. ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲೂ 288 ಪಿನ್ನುಗಳಿವೆ, ವೋಲ್ಟೇಜು ಕ್ರಮವಾಗಿ 1.2 ಮತ್ತು 1.1. ಪಿನ್ನಿನ ಸಂಖ್ಯೆ ಒಂದೇ ಆದರೂ ಕೆಳಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದು ಇನ್ನೊಂದರ ಸ್ಲಾಟಿನಲ್ಲಿ ಕೂರುವುದಿಲ್ಲ. ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹಳೆಯ ರ‍್ಯಾಮ್ ಕೊಳ್ಳುವವರು ನಿಮ್ಮ ಕಡ್ಡಿಯನ್ನೇ ಜೊತೆಗೆ ಒಯ್ದು, ಕಚ್ಚಿಗೆ ಕಚ್ಚು ಹಿಡಿದು ನೋಡಿದರೆ ತಪ್ಪಾಗದು. ವೇಗ ಬೇರೆ ಬೇರೆ ಇರುವ ಎರಡನ್ನು ಹಾಕಿದರೆ ಎರಡೂ ನಿಧಾನದ್ದರ ವೇಗದಲ್ಲಿ ಓಡುತ್ತವೆ. ವಿಂಡೋಸ್ 32 ಬಿಟ್ಟಿನದಾಗಿದ್ದರೆ 4 ಜಿಬಿಗಿಂತ ಹೆಚ್ಚು ಹಾಕಿಯೂ ಪ್ರಯೋಜನವಿಲ್ಲ.

ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ಎರಡೇ ಕಡ್ಡಿಗಳಿದ್ದರೆ, ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ 2ನೆಯ ಮತ್ತು 4ನೆಯ ಸ್ಲಾಟಿಗೆ ಹಾಕಬೇಕು. ಬೋರ್ಡಿನ ಕೈಪಿಡಿಯಲ್ಲಿ ಇದರ ಚಿತ್ರ ಇರುತ್ತದೆ. ಸ್ವಲ್ಪ ಬಲ ಬೇಡುವ ಜಾಗಗಳಲ್ಲಿ ಇದು ಮೊದಲನೆಯದು. ಕೊಂಡಿ ತೆರೆದು, ಕಚ್ಚು ಹೊಂದಿಸಿ, ಎರಡು ತುದಿಗಳನ್ನೂ ಹೆಬ್ಬೆರಳುಗಳಿಂದ ನೇರ ಕೆಳಕ್ಕೆ ಒತ್ತಿದಾಗ ಕೊಂಡಿ ಟಕ್ ಎಂದು ತಾನಾಗಿ ಮುಚ್ಚಿಕೊಳ್ಳಬೇಕು. ಕೊಂಡಿಯನ್ನು ನೀವೇ ಮುಚ್ಚಬೇಕಾಗಿ ಬಂದರೆ ಅದು ಇನ್ನೂ ಕೂತಿಲ್ಲ ಎಂದೇ ಅರ್ಥ.

ದಿನಾ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗಿರುತ್ತೆ, ವೆಬ್‌ಸೈಟುಗಳೂ ತೆರೆಯಲ್ಲ. ಯಾಕೆ?

ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ತಾರೀಖು ತಪ್ಪಾಗಿದ್ದರೆ ಬ್ರೌಸರು ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳನ್ನು ನಂಬುವುದಿಲ್ಲ, ಆದ್ದರಿಂದ ತಾಣಗಳು ತೆರೆಯುವುದಿಲ್ಲ. ಬಹುಪಾಲು ಬೋರ್ಡುಗಳಲ್ಲಿ ಇರುವುದು 3 ವೋಲ್ಟಿನ ಸಿಆರ್2032. ಆ ಹೆಸರಿನಲ್ಲೇ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬ ಅಳತೆ ಅಡಗಿದೆ. ಬದಿಯ ಲೋಹದ ನಾಲಗೆಯನ್ನು ಉಗುರಿನಿಂದ ಸರಿಸಿದರೆ ಬ್ಯಾಟರಿ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಇಡಬೇಕು. ತೆಗೆಯುವ ಮೊದಲು ಬಯೋಸ್ ಪುಟಗಳ ಫೋಟೋ ತೆಗೆದುಕೊಳ್ಳಿ, ಏಕೆಂದರೆ ಸಾಟಾ (ಡಿಸ್ಕುಗಳನ್ನು ಬೋರ್ಡಿಗೆ ಜೋಡಿಸುವ ಬಗೆ) ವಿಧಾನದಂಥ ಒಂದು ಆಯ್ಕೆ ಬದಲಾದರೂ ವಿಂಡೋಸ್ ಏಳದೆ ಇರಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಒಂದು ಕ್ಷಣವೂ ಬಿಡಬೇಡಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟಗಾಯ ಮಾಡಬಲ್ಲದು, ಮುಗಿದ ಬ್ಯಾಟರಿಯಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿರಬಹುದೆಂಬ ಸಂಶಯ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ನಿಜವಾಗಲೂ ವೇಗ ಆಗುತ್ತಾ?

ಹಳೆಯ ಯಂತ್ರಕ್ಕೆ ಇದಕ್ಕಿಂತ ಫಲ ಕೊಡುವ ಬದಲಾವಣೆಯನ್ನು ನಾನು ಕಂಡಿಲ್ಲ. ತಿರುಗುವ ಡಿಸ್ಕು ಸೆಕೆಂಡಿಗೆ ಸಾಮಾನ್ಯವಾಗಿ 100ರಿಂದ 200 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಓದುತ್ತದೆ. ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳನ್ನು ಹುಡುಕುವಾಗಿನ ಅಂತರ ಇದಕ್ಕೂ ಬಹಳ ದೊಡ್ಡದು. ಹಳೆಯದರ ನಕಲನ್ನು ಎಸ್‌ಎಸ್‌ಡಿಗೆ ಇಳಿಸಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೆಯ ಡಿಸ್ಕನ್ನು ಬಿಚ್ಚಿಡಿ. ಒಂದೇ ಗುರುತಿನ ಎರಡು ಡಿಸ್ಕುಗಳು ಕಂಡರೆ ವಿಂಡೋಸ್ ಗಲಿಬಿಲಿಗೊಳ್ಳುತ್ತದೆ.

ಸಾಟಾ ಕನೆಕ್ಟರಿನ ಎಲ್ ಆಕಾರದ ಪ್ಲಾಸ್ಟಿಕ್ ನಾಲಗೆ ತುಂಬ ಸುಲಭವಾಗಿ ಮುರಿಯುತ್ತದೆ, ಆದ್ದರಿಂದ ಕೇಬಲನ್ನು ಅಲ್ಲಾಡಿಸದೆ ನೇರವಾಗಿ ಎಳೆಯಬೇಕು. ಸ್ಕ್ರೂಗಳನ್ನೂ ಬೆರೆಸಬಾರದು: 3.5 ಇಂಚಿನ ಹಾರ್ಡ್ ಡಿಸ್ಕಿನ ಒರಟು ಎಳೆಯ ಸ್ಕ್ರೂ 2.5 ಇಂಚಿನ ಎಸ್‌ಎಸ್‌ಡಿಯ ನಯವಾದ ಎಳೆಯ ತೂತನ್ನು ಕೆಡಿಸುತ್ತದೆ. ಹಳೆಯ ನಾಲ್ಕು ಪಿನ್ನಿನ ಕನೆಕ್ಟರಿನಿಂದ ಸಾಟಾಗೆ ಬದಲಿಸುವ ಅಗ್ಗದ ಎರಕದ ಅಡಾಪ್ಟರುಗಳಲ್ಲಿ ತಂತಿಗಳು ಒಳಗೇ ತಾಗಿಕೊಂಡು ಬೆಂಕಿ ಹತ್ತುವುದುಂಟು. ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಸಾಟಾ ತಂತಿಯೇ ಸುರಕ್ಷಿತ.

ಎಂ.2 ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಡಿಸ್ಕ್ ಕಾಣಿಸ್ತಿಲ್ಲ. ಹಾಳಾಯ್ತಾ?

ಬಹುಶಃ ಇಲ್ಲ. ಅನೇಕ ಬೋರ್ಡುಗಳಲ್ಲಿ ಎಂ.2 ಸ್ಲಾಟು ಮತ್ತು ಒಂದೆರಡು ಸಾಟಾ ಪೋರ್ಟುಗಳು ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ, ಒಂದು ತುಂಬಿದರೆ ಇನ್ನೊಂದು ಮುಚ್ಚುತ್ತದೆ. ಡಿಸ್ಕಿನ ಕೇಬಲನ್ನು ಬೇರೆ ಸಾಟಾ ಪೋರ್ಟಿಗೆ ಹಾಕಿ ನೋಡಿ. ಎಂ.2 ಡ್ರೈವನ್ನು ಸುಮಾರು 30 ಡಿಗ್ರಿ ಓರೆಯಾಗಿ ಸೇರಿಸಿ, ಮೆಲ್ಲಗೆ ಮಲಗಿಸಿ, ತುದಿಗೆ ಸ್ಕ್ರೂ ಹಾಕಬೇಕು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಒಂದೇ ಆಕಾರದಲ್ಲಿ ಸಾಟಾ ಮತ್ತು ಅದಕ್ಕಿಂತ ವೇಗದ ಎನ್‌ವಿಎಂಇ ಎಂಬ ಎರಡು ಬಗೆ ಇರುವುದರಿಂದ ನಿಮ್ಮ ಸ್ಲಾಟು ಯಾವುದನ್ನು ಒಪ್ಪುತ್ತದೆ ಎಂದು ಕೊಳ್ಳುವ ಮೊದಲೇ ನೋಡಿ.

## ಕೈ ಪಳಗಿದ ಮೇಲೆ

ಗ್ರಾಫಿಕ್ಸ್ ಕಾರ್ಡ್ ಸ್ಕ್ರೂ ಬಿಚ್ಚಿದೆ, ಆದರೂ ಈಚೆ ಬರ್ತಿಲ್ಲ!

ಎಳೆಯಬೇಡಿ. ಸ್ಲಾಟಿನ ಒಳತುದಿಯಲ್ಲಿ, ಕಾರ್ಡಿನ ಅಡಿಯಲ್ಲಿ ಮರೆಯಾಗಿ ಒಂದು ಪ್ಲಾಸ್ಟಿಕ್ ಕೊಂಡಿ ಇದೆ; ಅದನ್ನು ಒತ್ತಿ ಅಥವಾ ಸರಿಸಿದ ಮೇಲೆಯೇ ಕಾರ್ಡು ಬಿಡುಗಡೆಯಾಗುತ್ತದೆ. ಬೆರಳು ಹೋಗದಿದ್ದರೆ ಮರದ ಕಡ್ಡಿ ಬಳಸಿ, ಲೋಹದ ಸ್ಕ್ರೂಡ್ರೈವರ್ ಜಾರಿದರೆ ಬೋರ್ಡಿನ ಮೇಲೆ ಗೀರು ಬೀಳುತ್ತದೆ.

ಹೊಸ ಕಾರ್ಡಿಗೆ ಸ್ಲಾಟಿನಿಂದ ಸಿಗುವುದು ಗರಿಷ್ಠ 75 ವ್ಯಾಟ್. 6 ಪಿನ್ನಿನ ಕೇಬಲ್ ಇನ್ನೂ 75, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಪ್ರೊಸೆಸರಿಗೆ ಹೋಗುವ ಕೇಬಲಿನಲ್ಲೂ 8 ಪಿನ್ ಇರುತ್ತದೆ, ಆದರೆ ಅದು 4 ಮತ್ತು 4 ಆಗಿ ಒಡೆಯುತ್ತದೆ. ಗ್ರಾಫಿಕ್ಸ್ ಕಾರ್ಡಿನದು 6 ಮತ್ತು 2 ಆಗಿ ಒಡೆಯುತ್ತದೆ. ಎರಡರಲ್ಲಿ 12 ವೋಲ್ಟಿನ ಸಾಲು ಅದಲುಬದಲಾಗಿರುವುದರಿಂದ ಒಂದನ್ನು ಇನ್ನೊಂದರಲ್ಲಿ ತುರುಕಿದರೆ ಶಾರ್ಟ್ ಆಗುತ್ತದೆ. 600 ವ್ಯಾಟ್‌ವರೆಗೆ ಸಾಗಿಸುವ ಹೊಸ ಬಗೆಯ ಕನೆಕ್ಟರು ಪೂರ್ತಿ ಒಳಗೆ ಹೋಗದಿದ್ದರೆ ಕಾದು ಕರಗಿಬಿಡಬಹುದು, ಆದ್ದರಿಂದ ಅಂಚಿನಲ್ಲಿ ಸಂದು ಉಳಿದಿಲ್ಲವೆಂದು ಕಣ್ಣಿಟ್ಟು ನೋಡಿ.

ಎಸ್‌ಎಂಪಿಎಸ್ ಹೋಗಿದೆ. ಬಿಚ್ಚಿ ಫ್ಯೂಸ್ ನೋಡಲಾ?

ಬೇಡ. ಈ ಬರಹದಲ್ಲಿ ನಾನು ಖಂಡಿತವಾಗಿ ಬೇಡವೆನ್ನುವ ಕೆಲಸ ಇದೊಂದೇ. 230 ವೋಲ್ಟಿನ ಮನೆ ವಿದ್ಯುತ್ತಿನ ತುದಿ ವೋಲ್ಟೇಜು ಸುಮಾರು 325; ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಅಷ್ಟು, ಕೆಲವು ಮಾದರಿಗಳಲ್ಲಿ 380ರಿಂದ 400 ವೋಲ್ಟು ನೇರ ವಿದ್ಯುತ್ತು ಸೇರಿರುತ್ತದೆ, ಮತ್ತು ಕೆಟ್ಟ ಘಟಕದಲ್ಲಿ ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಮುಟ್ಟಿದರೆ ಜೀವಕ್ಕೆ ಅಪಾಯ. ಹೊರಗಿನ ನಾಲ್ಕು ಸ್ಕ್ರೂ ಬಿಚ್ಚಿ ಇಡೀ ಪೆಟ್ಟಿಗೆಯನ್ನೇ ಬದಲಿಸಿ.

ಹೊಸದನ್ನು ಕೊಳ್ಳುವಾಗ ಮೇಲೆ ದೊಡ್ಡದಾಗಿ ಅಚ್ಚಾದ ವ್ಯಾಟಿಗಿಂತ ಚೀಟಿಯಲ್ಲಿ 12 ವೋಲ್ಟಿನ ಎದುರು ಬರೆದ ಆಂಪಿಯರನ್ನು ಓದಿ. ಅಲ್ಲಿ 18 ಆಂಪಿಯರ್ ಇದ್ದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು 216 ವ್ಯಾಟ್ ಮಾತ್ರ, ಹೊರಗೆ 450 ಎಂದಿದ್ದರೂ ಸರಿ. ಹಳೆಯ ಮಾದರಿಯ ಹಿಂದೆ 115 ಮತ್ತು 230 ಎಂಬ ಸರಿಸುವ ಗುಂಡಿ ಇದ್ದರೆ ಅದು 230ರಲ್ಲೇ ಇರಬೇಕು. 115ರಲ್ಲಿಟ್ಟು ಆನ್ ಮಾಡಿದರೆ ಪಟಾಕಿಯಂತೆ ಸಿಡಿಯುತ್ತದೆ. ಕೇಬಲುಗಳನ್ನು ಬಿಚ್ಚಿ ಹಾಕಬಹುದಾದ ಬಗೆಯದಾದರೆ ಹಳೆಯ ಘಟಕದ ಕೇಬಲುಗಳನ್ನು ಹೊಸದಕ್ಕೆ ಬಳಸಲೇಬೇಡಿ. ಎಸ್‌ಎಂಪಿಎಸ್ ಕಡೆಯ ತುದಿಗೆ ಸರ್ವಸಮ್ಮತ ಕ್ರಮವಿಲ್ಲ, ಕನೆಕ್ಟರು ಸರಿಯಾಗಿ ಕೂತೂ 12 ವೋಲ್ಟು 5 ವೋಲ್ಟಿನ ಜಾಗಕ್ಕೆ ಹೋಗಿ ಡಿಸ್ಕುಗಳು ಸುಡುತ್ತವೆ. ಬೋರ್ಡಿನ 24 ಪಿನ್ನಿನ ಕನೆಕ್ಟರು ಬಲ ಬೇಡುವ ಎರಡನೆಯ ಜಾಗ: ಕೊಂಡಿ ಒತ್ತಿ ಹಿಡಿದು, ಅತ್ತಿತ್ತ ಮೆಲ್ಲಗೆ ಆಡಿಸುತ್ತಾ ಎಳೆಯಬೇಕು, ತಂತಿ ಹಿಡಿದು ಎಳೆಯಬಾರದು.

ಪ್ರೊಸೆಸರ್ ಫ್ಯಾನ್ ತೆಗೆದೆ, ಪ್ರೊಸೆಸರೂ ಅದರ ಜೊತೆಗೇ ಕಿತ್ತು ಬಂತು. ಏನಾಯ್ತು?

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಎಎಂ4 ಸಾಕೆಟ್ಟಿನವರೆಗಿನ (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಪ್ರೊಸೆಸರುಗಳಲ್ಲಿ ಪಿನ್ನುಗಳು ಚಿಪ್ಪಿನ ಅಡಿಯಲ್ಲೇ ಇದ್ದು, ಲಿವರ್ ಮುಚ್ಚಿದ್ದರೂ ಒಣಗಿ ಅಂಟಾದ ಥರ್ಮಲ್ ಪೇಸ್ಟಿನ (ಪ್ರೊಸೆಸರಿನ ಬಿಸಿಯನ್ನು ಫ್ಯಾನಿರುವ ಕೂಲರಿಗೆ ದಾಟಿಸುವ ಲೇಪ) ಹಿಡಿತಕ್ಕೆ ಸಾಕೆಟ್ಟಿನಿಂದ ಕಿತ್ತು ಬರುತ್ತವೆ. ಪಿನ್ ಬಾಗಿಲ್ಲದಿದ್ದರೆ ನಷ್ಟವಾಗಿಲ್ಲ. ಇದನ್ನು ತಪ್ಪಿಸಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟನ್ನು ಬೆಚ್ಚಗಾಗಿಸಿ, ಆಮೇಲೆ ಪ್ಲಗ್ ಕಿತ್ತು, ಕೂಲರನ್ನು ಮೇಲಕ್ಕೆತ್ತದೆ ಮೊದಲು ಎಡಬಲಕ್ಕೆ ನಿಧಾನವಾಗಿ ತಿರುಚಿ ಬಿಡಿಸಬೇಕು. ಇಂಟೆಲ್ ಜೊತೆಗೆ ಬರುವ ಕೂಲರಿನ ನಾಲ್ಕು ಕಾಲುಗಳನ್ನು ಅವುಗಳ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತವೆ. ಅವನ್ನು ಮತ್ತೆ ಒತ್ತಿ ಕೂರಿಸಲು ಬೋರ್ಡು ಬಾಗುವಷ್ಟು ಬಲ ಬೇಕಾಗುತ್ತದೆ, ಅದು ಸಹಜ.

ಹಳೆಯ ಪೇಸ್ಟನ್ನು ಆಲ್ಕೋಹಾಲಿನಿಂದ ಪೂರ್ತಿ ಒರೆಸಿ, ನಡುವೆ ಹೆಸರುಕಾಳಿನಷ್ಟು ಹೊಸದನ್ನು ಇಟ್ಟರೆ ಸಾಕು. ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಹೊಸ ಕೂಲರಿನ ತಳದ ಪಾರದರ್ಶಕ ಹಾಳೆಯನ್ನು ಕೀಳಲು ಮರೆತವರ ಯಂತ್ರ ಕೆಲವೇ ನಿಮಿಷಗಳಲ್ಲಿ ಕಾದು ನಿಲ್ಲುವುದನ್ನು ಹಲವು ಸಲ ನೋಡಿದ್ದೇನೆ. ಫ್ಯಾನಿನ ತಂತಿಯನ್ನು ಸಿಪಿಯು ಫ್ಯಾನ್ ಎಂದು ಅಚ್ಚಾದ ಪಿನ್ನಿಗೇ ಸಿಕ್ಕಿಸಬೇಕು.

ಸಾಕೆಟ್ ಒಂದೇ ಇದ್ದರೆ ಯಾವ ಪ್ರೊಸೆಸರ್ ಬೇಕಾದರೂ ಹಾಕಬಹುದಲ್ಲ?

ಇಲ್ಲ. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ: 6 ಮತ್ತು 7ನೇ ತಲೆಮಾರಿನ ಬೋರ್ಡಿಗೆ 8 ಅಥವಾ 9ನೇ ತಲೆಮಾರಿನ ಪ್ರೊಸೆಸರು ಹಾಕಿದರೆ, ಪಿನ್ನುಗಳ ಸಂಖ್ಯೆ ಒಂದೇ ಇದ್ದರೂ ಯಂತ್ರ ಏಳುವುದಿಲ್ಲ. ಎಎಂ4 ಬೋರ್ಡುಗಳಲ್ಲಿ ಹೊಸ ಪ್ರೊಸೆಸರು ಹಾಕುವ ಮೊದಲು ಹಳೆಯದು ಇದ್ದಾಗಲೇ ಬಯೋಸ್ ನವೀಕರಿಸಬೇಕಾಗಬಹುದು. ಬೋರ್ಡು ತಯಾರಕರು ಪ್ರಕಟಿಸುವ ಪಟ್ಟಿಯನ್ನೇ ನಂಬಿ.

ಹಾಕುವ ಕೆಲಸದಲ್ಲಿ ಮೂಲೆಯ ತ್ರಿಕೋನದ ಗುರುತು ಸಾಕೆಟ್ಟಿನ ಗುರುತಿಗೆ ಹೊಂದಬೇಕು. ಪ್ರೊಸೆಸರನ್ನು ಇಡಬೇಕೇ ಹೊರತು ಒತ್ತಬಾರದು. ಅದು ತನ್ನ ಭಾರದಿಂದಲೇ ಕೂರುತ್ತದೆ. ಆಮೇಲೆ ಇಂಟೆಲ್ ಮತ್ತು ಎಎಂಡಿಯ ಎಎಂ5 ಸಾಕೆಟ್ಟಿನ ಲಿವರ್ ಇಳಿಸಲು ಮಾತ್ರ ಗಟ್ಟಿಯಾದ ಬಲ ಬೇಕು, ಕಿರುಗುಟ್ಟುವ ಸದ್ದೂ ಬರುತ್ತದೆ. ಈ ಸಾಕೆಟ್ಟುಗಳಲ್ಲಿ ಪಿನ್ನುಗಳು ಬೋರ್ಡಿನ ಮೇಲೆ ಕೂದಲಿನಷ್ಟು ಸೂಕ್ಷ್ಮವಾಗಿ ನಿಂತಿರುತ್ತವೆ. ಪೇಸ್ಟ್ ಒರೆಸುತ್ತಿದ್ದ ಬಟ್ಟೆಯ ಎಳೆಯೊಂದು ತಾಗಿ ಒಂದು ಸಾಲನ್ನೇ ಬಾಗಿಸಿದ ಬೋರ್ಡು ಇನ್ನೂ ನನ್ನ ಬಳಿ ಇದೆ, ಹಾಗೆ ಬಾಗಿಸಿದವನು ನಾನೇ. ಅಂದಿನಿಂದ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯದೆ ಇಟ್ಟುಕೊಳ್ಳುತ್ತೇನೆ.

ಮದರ್‌ಬೋರ್ಡ್ ಬದಲಿಸುವಾಗ ಏನು ತಪ್ಪಾಗುತ್ತೆ?

ಅತಿ ಸಾಮಾನ್ಯವಾದದ್ದು ಅಡಿಯ ಹಿತ್ತಾಳೆಯ ಕಂಬಗಳ ತಪ್ಪು. ಹೊಸ ಬೋರ್ಡಿನ ತೂತುಗಳಿರುವ ಕಡೆ ಮಾತ್ರ ಕಂಬ ಇರಬೇಕು. ಹಳೆಯ ಬೋರ್ಡಿಗೆಂದು ಹಾಕಿದ ಒಂದು ಕಂಬ ತೂತಿಲ್ಲದ ಕಡೆ ಉಳಿದರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಮಾಡುತ್ತದೆ. ಹಿಂಬದಿಯ ಪೋರ್ಟುಗಳ ಸುತ್ತ ಬರುವ ತಗಡಿನ ಚೌಕಟ್ಟನ್ನು ಬೋರ್ಡಿಗಿಂತ ಮೊದಲೇ ಕೂರಿಸಿ. ಮುಂಭಾಗದ ಸಣ್ಣ ತಂತಿಗಳಲ್ಲಿ ಪವರ್ ಮತ್ತು ರೀಸೆಟ್ ಸ್ವಿಚ್ಚಿಗೆ ದಿಕ್ಕಿಲ್ಲ, ದೀಪಗಳಿಗೆ ಮಾತ್ರ ಪ್ಲಸ್, ಮೈನಸ್ ಇದೆ. ಮುಂದಿನ ಯುಎಸ್‌ಬಿ 3.0ಗೆ ಹೋಗುವ ದಪ್ಪ ಕನೆಕ್ಟರು ಓರೆಯಾದರೆ ಬೋರ್ಡಿನ ಪಿನ್ನುಗಳು ಮಡಚಿಕೊಳ್ಳುತ್ತವೆ. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಪರವಾನಗಿ ಹಳೆಯ ಬೋರ್ಡಿಗೆ ಕಟ್ಟಿಕೊಂಡಿರುತ್ತದೆ ಎಂಬುದನ್ನೂ ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

## ಜೋಡಿಸಿದ ಮೇಲೆ

ಎಲ್ಲ ಹಾಕಿದೆ. ಫ್ಯಾನ್ ತಿರುಗುತ್ತೆ, ಆದರೆ ಪರದೆ ಕಪ್ಪಾಗೇ ಇದೆ.

ಮೊದಲು ಐದಾರು ನಿಮಿಷ ಕಾಯಿರಿ. ಡಿಡಿಆರ್5 ಬೋರ್ಡುಗಳು ಹೊಸ ರ‍್ಯಾಮನ್ನು ಮೊದಲ ಸಲ ಪರೀಕ್ಷಿಸಿ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ, ಅಷ್ಟರಲ್ಲಿ ಹೆದರಿ ಆಫ್ ಮಾಡಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಮೇಲೂ ಬಾರದಿದ್ದರೆ ಪ್ರೊಸೆಸರಿನ ಪಕ್ಕದ 4 ಅಥವಾ 8 ಪಿನ್ನಿನ ವಿದ್ಯುತ್ ಕೇಬಲ್ ಹಾಕಿದ್ದೀರಾ ನೋಡಿ. ಮರೆತುಹೋಗುವ ಕೇಬಲುಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರಿನ ಕೇಬಲು ಮದರ್‌ಬೋರ್ಡಿಗೆ ಹೋಗದೆ ಆ ಕಾರ್ಡಿಗೆ ಹೋಗಬೇಕು.

ಇನ್ನೂ ಬಾರದಿದ್ದರೆ ಪ್ಲಗ್ ಕಿತ್ತು, ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಮತ್ತು ಎಸ್‌ಎಂಪಿಎಸ್ ಇಷ್ಟನ್ನೇ ಉಳಿಸಿ ಆನ್ ಮಾಡಿ. ಸ್ಟ್ಯಾಟಿಕ್ ತಡೆಯುವ ಚೀಲದ ಹೊರಮೈ ಸ್ವಲ್ಪ ವಿದ್ಯುತ್ ಹರಿಸುವುದರಿಂದ ಅದರ ಮೇಲೆ ಇಡಬಾರದು. ಎಫ್ ಅಕ್ಷರದಿಂದ ಮುಗಿಯುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಅವಕ್ಕೆ ಕಾರ್ಡು ಬೇಕೇ ಬೇಕು. ಹೀಗೆ ಪರದೆ ಬಂದರೆ ಒಂದೊಂದೇ ಭಾಗವನ್ನು, ಪ್ರತಿ ಸಲ ಪ್ಲಗ್ ಕಿತ್ತು, ಸೇರಿಸುತ್ತಾ ಹೋದಾಗ ತಪ್ಪಿನ ಜಾಗ ಸಿಗುತ್ತದೆ. ಯಾವ ಹಂತದಲ್ಲಾದರೂ ಸುಟ್ಟ ವಾಸನೆ ಬಂದರೆ ಯೋಚಿಸುತ್ತಾ ನಿಲ್ಲದೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಯುಪಿಎಸ್ ಇದ್ದರೆ ಅದನ್ನೂ ಆರಿಸಿ.

ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕಬಹುದಾ?

ಬೀದಿಯ ಗುಜರಿಗೆ ಬೇಡ. ಅಲ್ಲಿಂದ ಹೋದ ಬೋರ್ಡುಗಳನ್ನು ಎಷ್ಟೋ ಕಡೆ ತಾಮ್ರಕ್ಕಾಗಿ ಬಯಲಲ್ಲಿ ಸುಡುತ್ತಾರೆ, ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದುತ್ತಾರೆ. ಆ ಹೊಗೆ ಕುಡಿಯುವವರು ಕೈಗವಸು ಕೂಡ ಇಲ್ಲದ ಕೆಲಸಗಾರರು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು, ತಯಾರಕರಿಗೂ ಇದರ ಹೊಣೆ ಇದೆ. ಕೆಲಸ ಮಾಡುವ ರ‍್ಯಾಮ್, ಡಿಸ್ಕುಗಳಾದರೆ ಹತ್ತಿರದ ಶಾಲೆಯ ಹಳೆಯ ಯಂತ್ರಕ್ಕೆ ಹೊಂದುತ್ತವೆಯೇ ಎಂದು ಮೊದಲು ಕೇಳಿ. ಡಿಸ್ಕ್ ಕೊಡುವ ಮೊದಲು ಫೈಲ್ ಅಳಿಸಿದರೆ ಸಾಲದು: ಹಾರ್ಡ್ ಡಿಸ್ಕಿನ ಮೇಲೆ ಪೂರ್ತಿಯಾಗಿ ಒಮ್ಮೆ ಬರೆದು ಅಳಿಸಬೇಕು, ಎಸ್‌ಎಸ್‌ಡಿಯಾದರೆ ತಯಾರಕರ ತಂತ್ರಾಂಶದಲ್ಲಿರುವ ಸುರಕ್ಷಿತ ಅಳಿಸುವಿಕೆಯ ಆಯ್ಕೆಯನ್ನು ಬಳಸಬೇಕು.